ಹಳೆಯ ಎಂಜಿನ್ನು, ಕುರುಡು ವ್ಯಾಪಾರ

ಎಂಜಿನ್ ಕೆಟ್ಟು ನಿಂತ ಜೀಪಿಗೆ ಗುಜರಿಯಿಂದ ಹಳೆಯ ಎಂಜಿನ್ ತಂದು ಕೂರಿಸುವುದು ನಮ್ಮ ಬೆಟ್ಟದ ಊರುಗಳಲ್ಲಿ ಹೊಸ ಸಂಗತಿಯಲ್ಲ. ಗ್ರಾಚ್ಯುಟಿ ಹಣದಲ್ಲಿ ಜೀಪು ಕೊಂಡ ತೋಟದ ಕುಟುಂಬಕ್ಕೆ ಹೊಸ ಎಂಜಿನ್ನಿನ ಬೆಲೆ ಎಟುಕದು. ಆದಕಾರಣ ಹಳೆಯದನ್ನು ಕೊಳ್ಳುವುದು ತಪ್ಪೆಂದು ನಾವು ಹೇಳುವುದಿಲ್ಲ. ಕಣ್ಣು ಮುಚ್ಚಿ ಕೊಳ್ಳುವುದು ತಪ್ಪು. ಬಡವನ ಕಣ್ಣು ಕಟ್ಟಿ ಮಾರುವುದು ಅದಕ್ಕಿಂತ ದೊಡ್ಡ ತಪ್ಪು.

“ಓಡಿದರೆ ಸಾಕು” ಎನ್ನುವವರಿಗೆ ನಮ್ಮ ಪ್ರಶ್ನೆ ಇದು: ಮೊದಲನೆಯ ಎಂಜಿನ್ ಕೆಟ್ಟದ್ದು ಏಕೆ? ರೇಡಿಯೇಟರ್ ಕಟ್ಟಿಕೊಂಡು, ಘಾಟಿ ಏರುವಾಗ ನೀರು ಕುದಿದು ಕೆಟ್ಟಿದ್ದರೆ, ಅದೇ ರೇಡಿಯೇಟರ್ ಎರಡನೆಯದನ್ನೂ ಕೆಡಿಸುತ್ತದೆ. ಕಾರಣ ತಿಳಿಯದೆ ಎಂಜಿನ್ ಬದಲಿಸುವುದು ಸೋರುವ ಮಾಡನ್ನು ಬಿಟ್ಟು ಚಾಪೆ ಬದಲಿಸಿದಂತೆ.

ಇನ್ನೊಂದು ಮಾತು. ಬ್ಲಾಕು ಒಡೆಯದೆ ರಿಂಗು, ಬೇರಿಂಗು ಮಾತ್ರ ಸವೆದಿದ್ದರೆ ನಮ್ಮ ಎಂಜಿನ್ನನ್ನೇ ಬೋರ್ ಮಾಡಿಸಿ ಕಟ್ಟಿಸಬಹುದು. ಅದು ಎಷ್ಟು ದುಡಿದಿದೆ ಎಂಬುದು ನಮಗೆ ಗೊತ್ತು, ನಂಬರೂ ಬದಲಾಗದು. ಈ ದಾರಿಯನ್ನು ಹೇಳದೆ ನೇರವಾಗಿ ಗುಜರಿ ಅಂಗಡಿಗೆ ಕರೆದೊಯ್ಯುವವನನ್ನು “ನಿನಗೆಷ್ಟು ಕಮಿಷನ್?” ಎಂದು ಕೇಳಲು ನಾಚಿಕೆ ಬೇಡ.

ಕೊಳ್ಳಲೇಬೇಕಾದರೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ನೋಡಿರಿ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ರೋಗವನ್ನು ಮುಚ್ಚಿಕೊಳ್ಳುತ್ತದೆ. ಆಯಿಲು ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಒಳಗೆ ನೀರು ಸೇರಿದೆ. ನೀಲಿ ಹೊಗೆ ಬಂದರೆ ಆಯಿಲು ಉರಿಯುತ್ತಿದೆ. ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳತೆ ಮಾಡಿಸಿರಿ. ಒಂದು ಮಿಕ್ಕವುಗಳಿಗಿಂತ ಬಹಳ ಕೆಳಗಿದ್ದರೆ ಆ ಎಂಜಿನ್ ಬೇಡ. “ಅಷ್ಟೆಲ್ಲ ನೋಡುವುದಾದರೆ ಬೇರೆ ಅಂಗಡಿಗೆ ಹೋಗಿ” ಎಂದರೆ ಹೋಗುವುದೇ ಕ್ಷೇಮ.

ಕಾನೂನಿನ ಮಾತನ್ನೂ ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ನಮ್ಮಂಥವರು ಎಂಜಿನ್ ಬದಲಿಸಲು ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು. ಬದಲಿಸಿದ 14 ದಿನಗಳೊಳಗೆ ವರದಿ ಕೊಟ್ಟು ಆರ್.ಸಿ.ಯಲ್ಲಿ ಹೊಸ ವಿವರ ಬರೆಸಬೇಕು. “ಯಾರು ನೋಡುತ್ತಾರೆ?” ಎಂದು ಮಾರುವವನು ನಗುತ್ತಾನೆ. ಆ ಎಂಜಿನ್ ಕದ್ದ ಮಾಲಾಗಿದ್ದರೆ ಪೊಲೀಸರ ಮುಂದೆ ನಿಲ್ಲಬೇಕಾದವನು ಜೀಪಿನವನು. ಅಪಘಾತವಾದರೆ ವಿಮೆಯವರಿಗೂ ತಕರಾರು ಎತ್ತಲು ಒಂದು ನೆಪ ಸಿಕ್ಕಿತು.

ಬಿಲ್ಲು ಕೇಳುವುದು ಸಣ್ಣತನವಲ್ಲ. ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆಗೆಂದೇ ಕೊಂಡವನನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕನೆಂದೇ ಎಣಿಸುತ್ತದೆ. ಮೋಸವಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಆದರೆ ಬಾಯಿಮಾತನ್ನು ಅಲ್ಲಿ ತೂಗುವುದು ಕಷ್ಟ. ಎಂಜಿನ್ ನಂಬರು, ಬೆಲೆ, ಎಷ್ಟು ದಿನದ ಭರವಸೆ, ಈ ಮೂರೂ ಕಾಗದದಲ್ಲಿರಲಿ.

ಮಧ್ಯರಾತ್ರಿ ಹೆರಿಗೆ ನೋವು ಬಂದಾಗ ಲೈನುಮನೆಯ ಹೆಂಗಸನ್ನು ಆಸ್ಪತ್ರೆಗೆ ಒಯ್ಯುವುದು ಇದೇ ಜೀಪು. ಅದು ನಡುಘಾಟಿಯಲ್ಲಿ ನಿಂತರೆ ನಷ್ಟ ಜೀಪಿನವನೊಬ್ಬನದಲ್ಲ. ಆದುದರಿಂದ ಸಹೋದರರೇ, ಒಬ್ಬೊಬ್ಬರೇ ಹೋಗಿ ಮೋಸಹೋಗಬೇಡಿರಿ. ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ, ಬಿಲ್ಲು ಕೈಗೆ ಬಂದ ಮೇಲೆ ಹಣ ಎಣಿಸಿರಿ.