ಗೇಣಿಪತ್ರದಲ್ಲಿ ಹೆಸರಿಲ್ಲದವರು

ಇಥಿಯೋಪಿಯದ ಪಶ್ಚಿಮದಂಚಿನಲ್ಲಿ, ಬಾರೋ ನದಿಯ ಮೆಕ್ಕಲುಮಣ್ಣಿನ ಮೇಲೆ ಹಬ್ಬಿಕೊಂಡಿರುವ ಗಂಬೆಲ್ಲಾ ಎಂಬ ಸೀಮೆಯ ಹೆಸರು ಕನ್ನಡಿಗರಲ್ಲಿ ಅನೇಕರಿಗೆ ಅಪರಿಚಿತವಾಗಿರಬಹುದಾದರೂ, ಆ ಸೀಮೆಯ ಈಚಿನ ಚರಿತ್ರೆಯಲ್ಲಿ ನಮ್ಮ ಬೆಂಗಳೂರು ಸೇರಿಕೊಂಡಿರುವುದು ಅಲ್ಲಗಳೆಯಲಾಗದ ಸಂಗತಿ. ಗುಲಾಬಿ ಹೂವಿನ ವ್ಯಾಪಾರದಿಂದ ಜಗತ್ತಿನ ಮಾರುಕಟ್ಟೆಯಲ್ಲಿ ಅಗ್ರಪಂಕ್ತಿಗೆ ಬಂದಿದ್ದ ಬೆಂಗಳೂರಿನ ಕರುಟೂರಿ ಗ್ಲೋಬಲ್ ಸಂಸ್ಥೆಯು 2010ರ ಅಕ್ಟೋಬರಿನಲ್ಲಿ ಅಲ್ಲಿಯ ಕೃಷಿ ಸಚಿವಾಲಯದೊಡನೆ ಮಾಡಿಕೊಂಡ ಕರಾರಿನ ಪ್ರಕಾರ, 1,00,000 ಹೆಕ್ಟೇರು ನೆಲ ಐವತ್ತು ವರ್ಷಗಳ ಅವಧಿಗೆ ಅದರ ಗೇಣಿಗೆ ಬಂದಿತು. ಅಷ್ಟನ್ನು ಸಾಗುವಳಿಗೆ ತಂದು ತೋರಿಸಿದಲ್ಲಿ ಇನ್ನೂ ಎರಡು ಲಕ್ಷ ಹೆಕ್ಟೇರು ದೊರೆಯುವ ಭರವಸೆಯೂ ಇದ್ದಿತು. ಗೇಣಿ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್, ಎಂದರೆ ಆಗಿನ ವಿನಿಮಯದಲ್ಲಿ ಅರವತ್ತು ರೂಪಾಯಿಗೂ ಕಡಮೆ. ಬೆಂಗಳೂರು ನಗರ ಜಿಲ್ಲೆಯ ಹೆಚ್ಚುಕಡಮೆ ಅರ್ಧದಷ್ಟು ವಿಸ್ತಾರವುಳ್ಳ ಭೂಮಿಯನ್ನು, ಎಕರೆಯೊಂದಕ್ಕೆ ಒಂದು ಮಸಾಲೆದೋಸೆಯ ಬೆಲೆಗೆ, ವರ್ಷಪೂರ್ತಿ ಅನುಭವಿಸುವ ಹಕ್ಕು ಅದು. ಗೇಣಿಯ ಅಗ್ಗತನವನ್ನು ನಾನು ದೊಡ್ಡ ದೋಷವೆಂದು ಎಣಿಸುವುದಿಲ್ಲ; ಬಂಡವಾಳವನ್ನು ಆಕರ್ಷಿಸಬೇಕೆಂಬ ಬಡದೇಶವು ದರವನ್ನು ಇಳಿಸುವುದು ಅಸಹಜವಲ್ಲ. ಆ ಪತ್ರಕ್ಕೆ ರುಜು ಹಾಕಿದವರು ಯಾರು, ಹಾಕದೆ ಉಳಿದವರು ಯಾರು ಎಂಬುದೇ ನನ್ನ ಆಕ್ಷೇಪದ ಮೂಲ.

ಈ ವ್ಯವಹಾರ ಒಂಟಿಯಾಗಿ ಹುಟ್ಟಿದ್ದಲ್ಲ. 2007-08ರಲ್ಲಿ ಧಾನ್ಯಗಳ ಬೆಲೆ ಮಿತಿಮೀರಿ ಏರಿ, ಭಾರತವೂ ಸೇರಿದಂತೆ ಅಕ್ಕಿ ಬೆಳೆಯುವ ದೇಶಗಳು ರಫ್ತಿಗೆ ತಡೆಯೊಡ್ಡಿದಾಗ, ಹಣವಿದ್ದೂ ನೆಲವಿಲ್ಲದ ರಾಷ್ಟ್ರಗಳಿಗೆ ಕೊಂಡುಣ್ಣುವುದಕ್ಕಿಂತ ಪರದೇಶದಲ್ಲಿ ತಾವೇ ಬೆಳೆದುಕೊಳ್ಳುವುದು ಕ್ಷೇಮವೆಂದು ತೋರಿತು. 2009ರ ಅಂತ್ಯಕ್ಕೆ ಮೊದಲಿನ ಒಂದು ವರ್ಷದೊಳಗೆ ಬಹಿರಂಗವಾದ ಇಂಥ ವ್ಯವಹಾರಗಳ ಒಟ್ಟು ವಿಸ್ತಾರ ಸುಮಾರು 5.6 ಕೋಟಿ ಹೆಕ್ಟೇರೆಂದೂ, ಅದರಲ್ಲಿ ಶೇಕಡಾ 70ರಷ್ಟು ಆಫ್ರಿಕದ್ದೆಂದೂ, ಆದರೆ ನೇಗಿಲು ನೆಲಕ್ಕೆ ತಾಗಿದ್ದು ಐದರಲ್ಲೊಂದು ಪಾಲು ವ್ಯವಹಾರಗಳಲ್ಲಿ ಮಾತ್ರವೆಂದೂ ವಿಶ್ವಬ್ಯಾಂಕು ತನ್ನ ವರದಿಯೊಂದರಲ್ಲಿ ಹೇಳಿತು. ಮಡಗಾಸ್ಕರಿನಲ್ಲಿ ಕೊರಿಯದ ಡೇವೂ ಲಾಜಿಸ್ಟಿಕ್ಸ್ ಸಂಸ್ಥೆ 13 ಲಕ್ಷ ಹೆಕ್ಟೇರನ್ನು 99 ವರ್ಷಗಳಿಗೆ ಪಡೆಯಲಿದೆಯೆಂಬ ವಾರ್ತೆ 2008ರಲ್ಲಿ ಹೊರಬಿದ್ದು, ಅಲ್ಲಿಯ ಅಧ್ಯಕ್ಷರ ಪದಚ್ಯುತಿಗೆ ಅದೂ ಒಂದು ಕಾರಣವಾಯಿತು. ಗಂಬೆಲ್ಲಾದ ಜನಕ್ಕೆ ಅಷ್ಟು ದೊಡ್ಡ ಧ್ವನಿ ಇರಲಿಲ್ಲ.

ಕರಾರುಪತ್ರವನ್ನು ಓದಿದವರಿಗೆ ಒಂದು ವಿಷಯ ಎದ್ದುಕಾಣುತ್ತದೆ. ನೆಲವನ್ನು ಯಾವ ಅಡಚಣೆಯೂ ಇಲ್ಲದಂತೆ ತೆರವುಮಾಡಿ ಮೂವತ್ತು ದಿನಗಳೊಳಗೆ ಗೇಣಿದಾರನ ವಶಕ್ಕೆ ಒಪ್ಪಿಸತಕ್ಕದ್ದೆಂದೂ, ಗೇಣಿಯ ಅವಧಿಯಲ್ಲಿ ದೊಂಬಿಯಾಗಲಿ ಗಲಭೆಯಾಗಲಿ ಒದಗಿದಲ್ಲಿ ಖರ್ಚಿಲ್ಲದೆ ರಕ್ಷಣೆಯನ್ನೊದಗಿಸತಕ್ಕದ್ದೆಂದೂ ಸರಕಾರ ಅದರಲ್ಲಿ ಮಾತುಕೊಟ್ಟಿದೆ. ಯಾರೂ ಇಲ್ಲದ ಬಯಲಾದರೆ ತೆರವು ಮಾಡತಕ್ಕದ್ದು ಏನನ್ನು? ದೊಂಬಿಯೇಳುವವರು ಯಾರು? ಅಲ್ಲಿ ಜನರಿದ್ದಾರೆಂಬುದನ್ನು ಕರಾರು ಬರೆದವರು ಬಲ್ಲವರಾಗಿದ್ದರು. ಬಲ್ಲವರಾಗಿಯೂ, ಆ ಜನರನ್ನು ಕರಾರಿನ ಒಂದು ಪಕ್ಷವೆಂದು ಪರಿಗಣಿಸದೆ, ನಿವಾರಿಸಬೇಕಾದ ವಿಘ್ನವೆಂದು ಪರಿಗಣಿಸಿದರು.

ಆ ಜನ ಮುಖ್ಯವಾಗಿ ಅನುವಾಕ್ ಮತ್ತು ನುಯೆರ್ ಎಂಬ ಎರಡು ಸಮುದಾಯದವರು. ಅನುವಾಕರು ಹೊಳೆಯ ದಂಡೆಯ ಕೃಷಿಕರು. ಮಳೆಗಾಲದ ನೆರೆ ಇಳಿದ ಮೇಲೆ ತೇವವುಳಿದ ದಂಡೆಯಲ್ಲಿ ಮೆಕ್ಕೆಜೋಳವನ್ನೂ, ಎತ್ತರದ ನೆಲದಲ್ಲಿ ಕಾಡಿನ ತುಂಡೊಂದನ್ನು ಸವರಿ ಜೋಳವನ್ನೂ ಬೆಳೆದು, ಕೆಲವು ವರ್ಷಗಳ ಮೇಲೆ ಆ ತುಂಡನ್ನು ಬೀಳುಬಿಟ್ಟು ಮುಂದಕ್ಕೆ ಸರಿದು, ಮಣ್ಣು ಚೇತರಿಸಿಕೊಂಡ ತರುವಾಯ ಮತ್ತೆ ಅಲ್ಲಿಗೇ ಮರಳುವುದು ಅವರ ಕ್ರಮ. ಉಳಿದದ್ದಕ್ಕೆ ಹೊಳೆಯ ಮೀನು, ಕಾಡಿನ ಕಾಯಿಗಡ್ಡೆ. ನುಯೆರರು ದನಗಾಹಿಗಳು, ಬೇಸಗೆಯಲ್ಲಿ ಮಂದೆಗಳನ್ನು ನೀರಿನ ಬಳಿಗೆ ಇಳಿಸಿ, ಮಳೆಗಾಲದಲ್ಲಿ ಎತ್ತರಕ್ಕೆ ಹತ್ತಿಸುವವರು. ಈ ಬದುಕಿನಲ್ಲಿ ಯಾವ ತುಂಡು ನೆಲವೂ ವರ್ಷದ ಎಲ್ಲ ದಿನವೂ ತುಂಬಿರುವುದಿಲ್ಲ, ಯಾವುದೂ ಎಂದೆಂದಿಗೂ ಬರಿದಾಗಿರುವುದೂ ಇಲ್ಲ. ಆದುದರಿಂದ ರಾಜಧಾನಿಯಿಂದ ನಕಾಶೆ ಹಿಡಿದು ಬಂದ ಅಧಿಕಾರಿಯ ಕಣ್ಣಿಗೆ ಅದು ನಿರುಪಯುಕ್ತವಾಗಿ ಬಿದ್ದಿರುವ ಭೂಮಿಯೆಂದು ತೋರುವುದು ಬಹು ಸುಲಭ. ನಮ್ಮ ಪಶ್ಚಿಮಘಟ್ಟದ ಕುಮರಿ ಎಂಬ ಇಂಥದೇ ಬೇಸಾಯವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲರ ಅರಣ್ಯ ಇಲಾಖೆ ಕಂಡದ್ದೂ ಇದೇ ದೃಷ್ಟಿಯಿಂದ. ಆ ಕುಮರಿಯ ಬೀಳುಗಳೂ ಕಾಗದದಲ್ಲಿ ಸರಕಾರದ ಕಾಡಾದವು, ಕುಮರಿ ಮಾಡುತ್ತಿದ್ದವರು ಅಪರಾಧಿಗಳಾದರು. ಈ ಅನುಭವವುಳ್ಳ ನಾಡಿನಿಂದ ಹೋದ ಬಂಡವಾಳಕ್ಕೆ ಗಂಬೆಲ್ಲಾದ ಬಯಲು ಬರಿದಾಗಿ ಕಂಡುದು ನನಗೆ ವ್ಯಥೆಯ ವಿಷಯ.

ಇದೇ ಕಾಲದಲ್ಲಿ ಇಥಿಯೋಪಿಯ ಸರಕಾರವು ಚದುರಿದ ಹಳ್ಳಿಗಳನ್ನು ಒಂದೆಡೆಗೆ ಕೂಡಿಸುವ ಯೋಜನೆಯನ್ನು ಕೈಗೊಂಡಿತು. ಮೂರು ವರ್ಷಗಳಲ್ಲಿ 45,000 ಕುಟುಂಬಗಳನ್ನು ಸ್ಥಳಾಂತರಿಸುವುದು ಅದರ ಗುರಿ. 2007ರ ಜನಗಣತಿಯಂತೆ ಆ ಸೀಮೆಯ ಒಟ್ಟು ಜನಸಂಖ್ಯೆ ಮೂರು ಲಕ್ಷದ ಆಸುಪಾಸಾಗಿತ್ತೆಂಬುದನ್ನು ನೆನೆದರೆ, ಇದು ಒಂದು ಪ್ರಾಂತವನ್ನೇ ಎತ್ತಿ ಬೇರೆಡೆ ಇಡುವ ಪ್ರಯತ್ನವೆಂಬುದು ಸ್ಪಷ್ಟವಾಗುತ್ತದೆ. ಶಾಲೆ, ಆಸ್ಪತ್ರೆ, ಕುಡಿಯುವ ನೀರುಗಳನ್ನು ಒದಗಿಸುವುದಕ್ಕಾಗಿಯೇ ಈ ಏರ್ಪಾಡೆಂದೂ, ಜನ ಸ್ವಂತ ಇಚ್ಛೆಯಿಂದ ಬಂದರೆಂದೂ, ಭೂಮಿಯ ಗೇಣಿಗೂ ಇದಕ್ಕೂ ಸಂಬಂಧವಿಲ್ಲವೆಂದೂ ಸರಕಾರ ಹೇಳಿತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2012ರ ಜನವರಿಯಲ್ಲಿ ಪ್ರಕಟಿಸಿದ ವರದಿಯ ಚಿತ್ರವೇ ಬೇರೆ: ಒಲ್ಲೆವೆಂದವರ ಮೇಲೆ ಬಲಪ್ರಯೋಗವಾಗಿತ್ತು, ಹೊಸ ನೆಲೆಗಳಲ್ಲಿ ಶಾಲೆಯೂ ಇರಲಿಲ್ಲ, ಉಳಲು ಸವರಿದ ಹೊಲವೂ ಇರಲಿಲ್ಲ. ಅದರಲ್ಲಿಯೂ ಸ್ಥಳಾಂತರವು ಸುಗ್ಗಿಯ ಸಮಯದಲ್ಲಿ ನಡೆದುದರಿಂದ ಕೊಯ್ಲಿಗೆ ಬಂದ ಬೆಳೆಯನ್ನು ಕೋತಿಗಳಿಗೂ ಇಲಿಗಳಿಗೂ ಬಿಟ್ಟುಹೋಗಬೇಕಾಯಿತು. ವ್ಯವಸಾಯವನ್ನು ಅಭಿವೃದ್ಧಿಪಡಿಸಲೆಂದು ಹೊರಟವರು ಬೆಳೆದುನಿಂತ ಪೈರಿನಿಂದ ರೈತನನ್ನು ಬಿಡಿಸಿ ಒಯ್ದರೆಂಬುದಕ್ಕಿಂತ ಹೆಚ್ಚಿನ ವಿಪರೀತವನ್ನು ನಾನು ಊಹಿಸಲಾರೆ.

ಗಂಬೆಲ್ಲಾದ ನೆಲ ಪರದೇಶದವರಿಗೆ ಗೇಣಿಗೆ ಹೋದದ್ದು ಇದೇ ಮೊದಲಲ್ಲವೆಂಬುದು ಚರಿತ್ರೆಯ ವಿನೋದ. 1902ರಲ್ಲಿ ಚಕ್ರವರ್ತಿ ಮೆನೆಲಿಕನು ಬ್ರಿಟಿಷರೊಡನೆ ಮಾಡಿಕೊಂಡ ಒಪ್ಪಂದದಲ್ಲಿ, ಬಾರೋ ತೀರದ ಇತಾಂಗದ ಸಮೀಪ ವ್ಯಾಪಾರದ ಠಾಣೆಯೊಂದಕ್ಕೆ ಜಾಗ ಕೊಡಲು ಒಪ್ಪಿದನಾದರೂ, ಅದರ ವಿಸ್ತಾರ 400 ಹೆಕ್ಟೇರನ್ನು ಮೀರಕೂಡದು, ನದಿಯ ಅಂಚು 2,000 ಮೀಟರನ್ನು ಮೀರಕೂಡದು, ಸೈನ್ಯದ ಅಥವಾ ರಾಜಕೀಯದ ಕಾರ್ಯಗಳಿಗೆ ಅದನ್ನು ಬಳಸಕೂಡದು ಎಂದು ವಿಧಿಸಿದನು. ಸಾಮ್ರಾಜ್ಯಶಾಹಿಯ ಮಧ್ಯಾಹ್ನದಲ್ಲಿ, ಸೂರ್ಯ ಮುಳುಗದ ರಾಜ್ಯದೆದುರು ನಿಂತು, ಒಬ್ಬ ಆಫ್ರಿಕದ ಅರಸು ಹೀಗೆ ಅಳೆದು ಕೊಟ್ಟನು. ನೂರು ವರ್ಷಗಳ ತರುವಾಯ ಸ್ವತಂತ್ರ ಗಣರಾಜ್ಯವೊಂದು ಅದೇ ಇತಾಂಗದ ಸುತ್ತಿನಲ್ಲಿ ಅದರ ಇನ್ನೂರೈವತ್ತು ಪಟ್ಟು ನೆಲವನ್ನು ಕೊಟ್ಟಿತು. ಭೂಮಿ ರಾಜ್ಯದ ಮತ್ತು ಜನಾಂಗಗಳ ಸ್ವತ್ತೆಂದು ಹೇಳುವ ಇಥಿಯೋಪಿಯದ 1995ರ ಸಂವಿಧಾನದ ನಲವತ್ತನೆಯ ವಿಧಿ, ರೈತರಿಗೆ ಒಕ್ಕಲೆಬ್ಬಿಸುವಿಕೆಯಿಂದ ರಕ್ಷಣೆಯನ್ನೂ, ದನಗಾಹಿಗಳಿಗೆ ತಮ್ಮ ನೆಲೆಯಿಂದ ಕದಲಿಸಲ್ಪಡದಿರುವ ಹಕ್ಕನ್ನೂ ಕೊಟ್ಟಿದೆ. ಸರಕಾರವು ಒಡೆತನದ ಮೊದಲಿನ ವಾಕ್ಯವನ್ನು ಉಪಯೋಗಿಸಿಕೊಂಡು ರಕ್ಷಣೆಯ ಉಳಿದ ವಾಕ್ಯಗಳನ್ನು ಮರೆತಿತು.

ಬಂಡವಾಳದ ಪಕ್ಷದಲ್ಲಿ ಹೇಳತಕ್ಕದ್ದು ಏನೂ ಇಲ್ಲವೆಂದಲ್ಲ. 1984-85ರ ಕ್ಷಾಮವನ್ನು ಕಂಡ ದೇಶಕ್ಕೆ ಯಂತ್ರ, ಗೊಬ್ಬರ, ರಸ್ತೆ, ನೀರಾವರಿಗಳು ಬೇಕು. ಅವುಗಳಿಗೆ ಹಣ ಬೇಕು. ಹಣ ಬೆಂಗಳೂರಿನಿಂದ ಬಂದರೆ ತಪ್ಪೇನು ಎಂದು ಕೇಳುವುದು ನ್ಯಾಯವೇ. ಆದರೆ ನಡೆದುದೇನು? ನೆರೆಯ ಬಯಲಿನಲ್ಲಿ ಏರಿ ಕಟ್ಟಿ ಬೆಳೆಸಿದ ಮೆಕ್ಕೆಜೋಳವನ್ನು 2011ರ ಪ್ರವಾಹ ಕೊಚ್ಚಿಕೊಂಡು ಹೋಯಿತು. ಎಷ್ಟು ನೀರು ಎಲ್ಲಿಯವರೆಗೆ ಬರುವುದೆಂಬುದನ್ನು ತಲೆಮಾರುಗಳಿಂದ ಬಲ್ಲ ಒಕ್ಕಲಿಗರನ್ನು ಸಲಹೆ ಕೇಳುವ ಪದ್ಧತಿ ಇಂಥ ಉದ್ಯಮಗಳಲ್ಲಿ ಇಲ್ಲ. ಕೆನ್ಯದ ನೈವಾಶಾದಲ್ಲಿದ್ದ ಸಂಸ್ಥೆಯ ಗುಲಾಬಿ ತೋಟವೂ ಸಾಲದಿಂದಾಗಿ 2014ರಲ್ಲಿ ಅನ್ಯರ ಆಡಳಿತಕ್ಕೆ ಹೋಯಿತು. 2015ರ ಡಿಸೆಂಬರಿನಲ್ಲಿ, ಲಕ್ಷ ಹೆಕ್ಟೇರಿನಲ್ಲಿ ಅಭಿವೃದ್ಧಿಗೊಂಡದ್ದು 1,200 ಮಾತ್ರವೆಂದು ಹೇಳಿ ಸರಕಾರ ಗೇಣಿಯನ್ನು ರದ್ದುಗೊಳಿಸಿತು. ಸಂಸ್ಥೆ ಆ ರದ್ದತಿಯನ್ನು ಒಪ್ಪಲಿಲ್ಲ. ತಕರಾರು ಮತ್ತೆ ಅದೇ ಇಬ್ಬರ ನಡುವಿನದು. ಕೊಡುವಾಗ ಕರೆಯದವರನ್ನು ಹಿಂದೆಗೆದುಕೊಳ್ಳುವಾಗಲೂ ಕರೆಯಲಿಲ್ಲ.

ಇನ್ನು ನಮ್ಮ ಮಾತಿಗೆ ಬರುತ್ತೇನೆ. ಈ ಕರಾರಾದ ಕಾಲಕ್ಕೆ ಕರ್ನಾಟಕದಲ್ಲಿ ಸರಕಾರದ ವಿಶೇಷ ವಿನಾಯಿತಿಯಿಲ್ಲದೆ ಯಾವ ಕಂಪನಿಯೂ ವ್ಯವಸಾಯದ ಭೂಮಿಯನ್ನು ಇಟ್ಟುಕೊಳ್ಳುವಂತಿರಲಿಲ್ಲ. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯು ಐದು ಜನರ ಕುಟುಂಬವೊಂದಕ್ಕೆ ಒಣಭೂಮಿಯ ಮಿತಿಯನ್ನು 54 ಎಕರೆಗೆ ನಿಲ್ಲಿಸಿತ್ತು. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಗದ್ದೆಗಿಳಿದು ಸತ್ಯಾಗ್ರಹ ಹೂಡಿದ ನಾಡಿನಲ್ಲಿ, ಉಳುವವನ ಹಕ್ಕು ಬಹು ಕಷ್ಟದಿಂದ ಸಂಪಾದಿಸಿದ ಹಕ್ಕು. 2020ರ ತಿದ್ದುಪಡಿಯಿಂದ ರೈತರಲ್ಲದವರೂ ನೆಲ ಕೊಳ್ಳುವಂತಾಗಿ ಆ ಬೇಲಿ ಸಡಿಲವಾಗಿದೆ. ಅದರ ಯುಕ್ತಾಯುಕ್ತತೆ ಬೇರೊಂದು ಲೇಖನದ ವಸ್ತು. ಆದರೂ ಕೇಂದ್ರದ 2013ರ ಭೂಸ್ವಾಧೀನ ಶಾಸನದಂತೆ ಖಾಸಗಿ ಕಂಪನಿಗೆಂದು ಸರಕಾರ ನೆಲ ತೆಗೆದುಕೊಳ್ಳಬೇಕಾದರೆ ಬಾಧಿತ ಕುಟುಂಬಗಳಲ್ಲಿ ಶೇಕಡಾ 80ರ ಸಮ್ಮತಿ ಬೇಕು. ಇಲ್ಲಿ ಕೇಳದೆ ಮಾಡಬಾರದ್ದನ್ನು ಸಮುದ್ರದಾಚೆ ಕೇಳದೆ ಮಾಡಬಹುದೆಂಬ ಧರ್ಮಸೂಕ್ಷ್ಮ ನನಗೆ ಅರ್ಥವಾಗುವುದಿಲ್ಲ. 2013ರಲ್ಲಿ ಇಥಿಯೋಪಿಯ ಮೂಲದ ಕೆಲವರು ದೆಹಲಿಗೆ ಬಂದು ತಮ್ಮ ಜನರ ಪರವಾಗಿ ಭಾರತೀಯರೆದುರು ಅಹವಾಲು ಹೇಳಿಕೊಂಡರು. ಕೇಳಿಕೊಂಡವರು ಕೆಲವೇ ಮಂದಿ.

ವಿಶ್ವಸಂಸ್ಥೆಯ ಆಹಾರಭದ್ರತಾ ಸಮಿತಿ 2012ರ ಮೇ ತಿಂಗಳಿನಲ್ಲಿ ಅಂಗೀಕರಿಸಿದ ಭೂಹಿಡುವಳಿಯ ಮಾರ್ಗಸೂಚಿಗಳು, ಹೊರದೇಶದಲ್ಲಿ ವ್ಯವಹರಿಸುವ ಕಂಪನಿಯ ತವರು ದೇಶಕ್ಕೂ ಈ ವಿಷಯದಲ್ಲಿ ಹೊಣೆಯುಂಟೆಂದು ಹೇಳುತ್ತವೆ. ಅವು ಐಚ್ಛಿಕವಾದುವು, ಆದುದರಿಂದ ಸಾಮಾನ್ಯವಾಗಿ ಕಪಾಟಿನಲ್ಲಿರುವುವು. ಹೊರದೇಶಕ್ಕೆ ಬಂಡವಾಳ ಒಯ್ಯುವ ಸಂಸ್ಥೆ ರಿಸರ್ವ್ ಬ್ಯಾಂಕಿಗೆ ವಿವರ ಸಲ್ಲಿಸುವ ಪದ್ಧತಿ ನಮ್ಮಲ್ಲಿ ಈಗಾಗಲೇ ಇದೆ. ಷೇರುಪೇಟೆಯ ದೊಡ್ಡ ಕಂಪನಿಗಳು, ಆ ಪೇಟೆಯ ನಿಯಂತ್ರಕವಾದ ಸೆಬಿಯ ನಿಯಮದಂತೆ, ಸಾಮಾಜಿಕ ಹೊಣೆಗಾರಿಕೆಯ ವರದಿಯನ್ನು ಒಪ್ಪಿಸುವುದೂ ಕಡ್ಡಾಯವಾಗಿದೆ. ಆ ನಮೂನೆಗಳಲ್ಲಿ ಮೂರು ಕಲಮುಗಳನ್ನು ಸೇರಿಸಬೇಕೆಂಬುದು ನನ್ನ ಬೇಡಿಕೆ: ಗೇಣಿಗೆ ಪಡೆದ ನೆಲದಲ್ಲಿ ಕರಾರಿಗೆ ಹಿಂದಿನ ಐದು ವರ್ಷಗಳಲ್ಲಿ ಉತ್ತವರು, ಮೇಯಿಸಿದವರು, ಮೀನು ಹಿಡಿದವರು ಯಾವ ಊರಿನವರು, ಅವರ ಸಭೆ ಯಾವ ದಿನ ಸೇರಿ ಏನೆಂದು ಹೇಳಿತು, ಗೇಣಿ ಮುರಿದುಬಿದ್ದಲ್ಲಿ ನೆಲ ಯಾರಿಗೆ ಮರಳತಕ್ಕದ್ದು. ಕರಾರುಪತ್ರದ ಪ್ರತಿಯೊಂದನ್ನು ಆ ಜನರ ಭಾಷೆಗೆ ತಿರುಗಿಸಿ ಇದರ ಜೊತೆಗೆ ಲಗತ್ತಿಸಬೇಕು. ಈ ಕಲಮುಗಳನ್ನು ತುಂಬಲಾರದ ಕಂಪನಿಯ ಷೇರನ್ನು ಕೊಳ್ಳುವ ಮುನ್ನ ಬಸವನಗುಡಿಯ ನಿವೃತ್ತ ಗುಮಾಸ್ತನೂ ಆ ಖಾಲಿ ಸಾಲುಗಳನ್ನು ಓದಿಕೊಳ್ಳಲಿ.