ಮುಂಚಕ್ರದ ನಡುಕ: ಮಾರುವ ಮೊದಲೇ ಹೇಳಿ

ಯುರೋಪಿನಲ್ಲಿ ದುಬಾರಿ ಸ್ಪೋರ್ಟ್ಸ್ ಕಾರು ಕೊಂಡವರು ಮೊದಲ ಚಳಿಗಾಲದಲ್ಲೇ ಸರ್ವಿಸ್ ಸೆಂಟರಿಗೆ ಒಯ್ಯುವ ದೂರೊಂದಿದೆ. ಪಾರ್ಕಿಂಗ್ ಜಾಗದಿಂದ ಹೊರಬರಲು ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಸಾಗಿದರೆ ಮುಂದಿನ ಟೈರುಗಳು ದಡದಡನೆ ಕುಪ್ಪಳಿಸುತ್ತವೆ. ಏನೋ ಮುರಿದಿರಬೇಕೆಂದು ಎದೆ ಧಸಕ್ಕೆನ್ನುತ್ತದೆ. ಅಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಇದು ದೋಷವಲ್ಲ, ಈ ಕಾರಿನ ಗುಣ.’ ಬಹುಪಾಲು ಸಂದರ್ಭಗಳಲ್ಲಿ ಈ ಉತ್ತರ ನಿಜ. ಆದರೆ ಹಣ ಎಣಿಸಿಕೊಂಡ ಮೇಲೆ ಹೇಳಬೇಕಾದ ನಿಜ ಇದಲ್ಲ.

ಕಾರು ತಿರುಗುವಾಗ ಒಳಗಿನ ಚಕ್ರ ಚಿಕ್ಕ ವೃತ್ತದಲ್ಲಿ, ಹೊರಗಿನದು ದೊಡ್ಡ ವೃತ್ತದಲ್ಲಿ ಉರುಳಬೇಕು. ಹಾಗಾಗಿ ಒಳಚಕ್ರ ಹೆಚ್ಚು ತಿರುಗಬೇಕು. ಮ್ಯೂನಿಕ್ಕಿನ ಸಾರೋಟು ತಯಾರಕ ಲಾಂಕೆನ್‌ಸ್ಪೆರ್ಗರ್ ಇದಕ್ಕೊಂದು ಜೋಡಣೆ ಕಂಡುಹಿಡಿದ. 1818ರಲ್ಲಿ ಲಂಡನ್ನಿನಲ್ಲಿ ಅದರ ಪೇಟೆಂಟ್ ಪಡೆದ ಆಕರ್‌ಮನ್‌ನ ಹೆಸರೇ ಅದಕ್ಕೆ ನಿಂತಿತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.45 ಮೀಟರ್ ಅಂತರವಿರುವ ಕಾರು ಐದೂವರೆ ಮೀಟರ್ ತ್ರಿಜ್ಯದಲ್ಲಿ ತಿರುಗುವಾಗ ಹೊರಚಕ್ರಕ್ಕೆ ಸುಮಾರು 26 ಡಿಗ್ರಿ ಸಾಕು, ಒಳಚಕ್ರಕ್ಕೆ ಸುಮಾರು 36 ಬೇಕು. ಸ್ಪೋರ್ಟ್ಸ್ ಕಾರಿನ ವಿನ್ಯಾಸಕಾರ ಈ 10 ಡಿಗ್ರಿಯ ವ್ಯತ್ಯಾಸವನ್ನು ಬೇಕೆಂದೇ ಕಡಿಮೆ ಮಾಡುತ್ತಾನೆ. ವೇಗದ ತಿರುವಿನಲ್ಲಿ ಹೆಚ್ಚಿನ ಭಾರ ಹೊರಚಕ್ರದ ಮೇಲೆ ಬೀಳುತ್ತದೆ. ಭಾರ ಹೊತ್ತ ಟೈರು ತನ್ನ ಪೂರ್ತಿ ಹಿಡಿತ ತೋರಲು ಹೆಚ್ಚು ಕೋನ ಕೇಳುತ್ತದೆ. ಅಲ್ಲಿ ಗಳಿಸಿದ ಲಾಭಕ್ಕೆ ಪಾರ್ಕಿಂಗ್‌ನಲ್ಲಿ ಬೆಲೆ ತೆರಬೇಕಾಗುತ್ತದೆ. ಒಂದು ಟೈರು ಉರುಳುತ್ತಿದ್ದರೆ ಇನ್ನೊಂದು ಅಡ್ಡಡ್ಡ ಎಳೆಯಲ್ಪಡುತ್ತದೆ. ಹಾಳೆಯ ಮೇಲೆ ಅಡ್ಡ ಎಳೆದ ರಬ್ಬರಿನ ಹಾಗೆ ಅದು ಅಂಟುತ್ತದೆ, ಬಾಗುತ್ತದೆ, ಜಿಗಿಯುತ್ತದೆ.

ಟೈರು ಅಗಲವಾಗಿದ್ದಷ್ಟೂ, ಅದರ ಪಕ್ಕದ ಗೋಡೆ ಗಿಡ್ಡವಾಗಿದ್ದಷ್ಟೂ ಈ ಜಿಗಿತ ಕಾರಿನೊಳಕ್ಕೆ ಜೋರಾಗಿ ಮುಟ್ಟುತ್ತದೆ. ಚಳಿ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿಗಿಯುತ್ತದೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರಲ್ಲಿ. ಇಲ್ಲಿಂದ ಹೋಗಿ ಜರ್ಮನಿಯಲ್ಲೋ ಬ್ರಿಟನ್ನಿನಲ್ಲೋ ನೆಲೆಸಿ, ಆಸೆಪಟ್ಟು ಇಂಥ ಕಾರು ಕೊಂಡ ನಮ್ಮವರು ಈ ನಡುಕಕ್ಕೆ ಬೆಚ್ಚಿದರೆ ಆಶ್ಚರ್ಯವಿಲ್ಲ.

ಈ ತೊಂದರೆ ಸ್ಪೋರ್ಟ್ಸ್ ಕಾರುಗಳಲ್ಲೇ ಉಳಿದಿಲ್ಲ. ಮರ್ಸಿಡಿಸ್ ಜಿಎಲ್‌ಸಿ ಕುಟುಂಬದ ಬಳಕೆಯ ಗಾಡಿ. ಅದರ ಬಲಗಡೆ ಸ್ಟೀರಿಂಗ್ ಇರುವ ಮಾದರಿಯ ಬಗ್ಗೆ ಬ್ರಿಟನ್ ಮತ್ತು ಆಸ್ಟ್ರೇಲಿಯಾದ ಮಾಲೀಕರು ಇದೇ ದೂರು ಹೇಳಿದರು. ಇದು ಸುರಕ್ಷತೆಯ ಪ್ರಶ್ನೆಯಲ್ಲ ಎಂದ ಕಂಪನಿ, ಪರಿಹಾರವಾಗಿ ಆಲ್-ಸೀಸನ್ ಟೈರುಗಳನ್ನು ಮುಂದಿಟ್ಟಿತು. ಟೈರು ಬದಲಿಸಿದರೆ ತಗ್ಗುವ ತೊಂದರೆಯನ್ನು ಮಾರಾಟದ ದಿನವೇ ತಿಳಿಸಿ, ಆಯ್ಕೆಯನ್ನು ಗ್ರಾಹಕನಿಗೆ ಬಿಡಬಹುದಿತ್ತು. ಈ ಮೌನವನ್ನು ಒಪ್ಪಲು ಸಾಧ್ಯವಿಲ್ಲ.

ಮೌನದಿಂದ ಇನ್ನೂ ದೊಡ್ಡ ಅಪಾಯವಿದೆ. ಎಲ್ಲ ನಡುಕಕ್ಕೂ ‘ಕಾರಿನ ಗುಣ’ ಎಂಬ ಒಂದೇ ಹಣೆಪಟ್ಟಿ ಹಚ್ಚುವ ರೂಢಿ ಬಿದ್ದರೆ ನಿಜವಾದ ದೋಷಗಳು ಅದರಡಿ ಅಡಗುತ್ತವೆ. ಚಳಿಯಲ್ಲಿ, ಪೂರ್ತಿ ತಿರುವಿನಲ್ಲಿ, ನಡಿಗೆಯ ವೇಗದಲ್ಲಿ ಮಾತ್ರ ಬಂದು, ಟೈರು ಬಿಸಿಯಾದಂತೆ ತಗ್ಗುವುದು ವಿನ್ಯಾಸದ ಫಲ. ನೇರ ರಸ್ತೆಯಲ್ಲಿ ವೇಗ ಏರಿದಾಗ ಬರುವ ಕಂಪನ, ಬ್ರೇಕ್ ಒತ್ತಿದಾಗ ಬರುವ ಅದುರು, ಬೆಚ್ಚನೆಯ ದಿನದಲ್ಲೂ ಬಿಡದ ‘ಟಕ್ ಟಕ್’ ಸದ್ದು ಬೇರೆ ಜಾತಿಯವು. ವೀಲ್ ಬ್ಯಾಲೆನ್ಸಿಂಗ್, ಡಿಸ್ಕ್, ಬಾಲ್ ಜಾಯಿಂಟ್, ಡ್ರೈವ್ ಶಾಫ್ಟ್ ನೋಡದೆ ಅಂಥ ಗಾಡಿಯನ್ನು ವಾಪಸು ಕಳಿಸುವುದು ಬೇಜವಾಬ್ದಾರಿ.

ಕಂಪನಿಗಳು ಈ ಸಂಗತಿಯನ್ನು ಮಾರಾಟದ ಕಾಗದದಲ್ಲೇ ಸ್ಪಷ್ಟವಾಗಿ ಮುದ್ರಿಸಬೇಕು. ಕೊಳ್ಳುವವರು ಟೆಸ್ಟ್ ಡ್ರೈವ್ ಎಂದರೆ ಹೆದ್ದಾರಿಯ ಓಟವೆಂದಷ್ಟೇ ತಿಳಿಯಬಾರದು. ತಣ್ಣನೆಯ ಬೆಳಿಗ್ಗೆ, ಟೈರು ಬಿಸಿಯೇರುವ ಮೊದಲು, ಶೋರೂಮಿನ ಅಂಗಳದಲ್ಲೇ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನಿಧಾನವಾಗಿ ಒಂದು ಸುತ್ತು ಹಾಕಿ. ನಡುಕ ಕಂಡರೆ, ಚಳಿಗಾಲದ ಟೈರುಗಳ ಮಾತನ್ನು ಸಹಿ ಹಾಕುವ ಮೊದಲೇ ಮುಗಿಸಿಕೊಳ್ಳಿ.