ವಿಶ್ವವಿದ್ಯಾಲಯಗಳಲ್ಲಿ ಹೊಸ ಮೇಷ್ಟ್ರಿಗೆ ದಾರಿ ತೋರುವವರಾರು?

ಬೆಂಗಳೂರು: ಅಧ್ಯಾಪಕರ ನೇಮಕಾತಿ ಕುರಿತ ಹೊಸ ಕರಡು ನಿಯಮಾವಳಿಯನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2025ರ ಜನವರಿಯಲ್ಲಿ ಪ್ರಕಟಿಸಿದಾಗ ರಾಜ್ಯದಲ್ಲಿ ಎದ್ದ ಚರ್ಚೆ ಬಹುಪಾಲು ಕುಲಪತಿಗಳ ಆಯ್ಕೆಯ ಸುತ್ತಲೇ ಗಿರಕಿ ಹೊಡೆಯಿತು. ಆಯ್ಕೆಯ ಅಧಿಕಾರ ರಾಜ್ಯ ಸರ್ಕಾರದ್ದೋ, ರಾಜ್ಯಪಾಲರದ್ದೋ ಎಂಬುದು ಸಣ್ಣ ಪ್ರಶ್ನೆಯೇನಲ್ಲ. ಆದರೆ ಅದೇ ವಿಶ್ವವಿದ್ಯಾಲಯದ ಯಾವುದೋ ವಿಭಾಗಕ್ಕೆ ನೇಮಕಾತಿ ಆದೇಶ ಹಿಡಿದು ಬರುವ ಸಹಾಯಕ ಪ್ರಾಧ್ಯಾಪಕನ ಮೊದಲ ದಿನ ಹೇಗಿರುತ್ತದೆ ಎಂಬುದನ್ನು ಕೇಳಿದವರು ವಿರಳ.

ಹಾಗೆಂದು ನಿಯಮವಿಲ್ಲವೆಂದೇನೂ ಅಲ್ಲ. 2018ರ ಜುಲೈನಲ್ಲಿ ಜಾರಿಗೆ ಬಂದ ಯುಜಿಸಿ ನಿಯಮಾವಳಿಯು ಹೊಸದಾಗಿ ನೇಮಕಗೊಂಡ ಪ್ರತಿಯೊಬ್ಬ ಸಹಾಯಕ ಪ್ರಾಧ್ಯಾಪಕನಿಗೂ ಒಂದು ತಿಂಗಳ ಪ್ರವೇಶ ತರಬೇತಿ ನೀಡಬೇಕೆಂದು ಹೇಳುತ್ತದೆ. ಪಾಠ ಆರಂಭಿಸುವ ಮೊದಲೇ ತರಬೇತಿಯಾದರೆ ಒಳ್ಳೆಯದು. ಆಗದಿದ್ದರೆ ನೇಮಕವಾದ ಒಂದು ವರ್ಷದೊಳಗೆ ಆಗಲೇಬೇಕು ಎಂಬುದು ಅದರ ಆಶಯ. 2019ರಲ್ಲಿ 'ಗುರು ದಕ್ಷತಾ' ಎಂಬ ಹೆಸರಿನಲ್ಲಿ ಇದಕ್ಕೊಂದು ಮಾರ್ಗದರ್ಶಿಯೂ ಹೊರಬಂತು. ತೊಡಕಿರುವುದು 'ಮೊದಲೇ' ಮತ್ತು 'ಒಂದು ವರ್ಷದೊಳಗೆ' ಎಂಬ ಎರಡು ಮಾತುಗಳ ನಡುವೆ. ಒಂದು ವರ್ಷವೆಂದರೆ ಎರಡು ಸೆಮಿಸ್ಟರ್. ಅಷ್ಟರಲ್ಲಿ ಹೊಸ ಅಧ್ಯಾಪಕ ಪಾಠ ಮಾಡಿ, ಪ್ರಶ್ನೆಪತ್ರಿಕೆ ತಯಾರಿಸಿ, ಮೌಲ್ಯಮಾಪನವನ್ನೂ ಮುಗಿಸಿರುತ್ತಾನೆ. ಬಳಿಕ ಬರುವ ತರಬೇತಿಯನ್ನು ಪ್ರವೇಶ ತರಬೇತಿ ಎನ್ನುವುದು ಹೇಗೆ?

ಪ್ರೌಢಶಾಲೆಯಲ್ಲಿ ಎಂಟನೇ ತರಗತಿಗೆ ಪಾಠ ಹೇಳಬೇಕಾದರೆ ಬಿ.ಇಡಿ. ಬೇಕು. ಸ್ನಾತಕೋತ್ತರ ತರಗತಿಗೆ ಪಾಠ ಹೇಳಲು ಬೋಧನೆಯ ಯಾವ ಪೂರ್ವ ತರಬೇತಿಯೂ ಬೇಕಿಲ್ಲ. ಪಿಎಚ್.ಡಿ. ವಿದ್ಯಾರ್ಥಿಗಳೆಲ್ಲರಿಗೂ ಬೋಧನೆಯ ಅಭ್ಯಾಸವಾಗಬೇಕೆಂದು ಯುಜಿಸಿ 2022ರಲ್ಲಿ ನಿಯಮ ಮಾಡಿತು. ಮರುವರ್ಷವೇ, 2023ರ ಜುಲೈನಿಂದ, ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯವಲ್ಲ, ನೆಟ್, ಸೆಟ್ ಅಥವಾ ಸ್ಲೆಟ್ ತೇರ್ಗಡೆಯೇ ಕನಿಷ್ಠ ಅರ್ಹತೆ ಎಂದಿತು. ಹೀಗಾಗಿ ಬಹು ಆಯ್ಕೆಯ ಪ್ರಶ್ನೆಗಳಿಗೆ ಉತ್ತರ ಗುರುತಿಸಿ ಬಂದ ಅಭ್ಯರ್ಥಿ, ಒಮ್ಮೆಯೂ ಕಪ್ಪುಹಲಗೆಯ ಮುಂದೆ ನಿಲ್ಲದೆಯೇ ವಿಶ್ವವಿದ್ಯಾಲಯದ ಅಧ್ಯಾಪಕನಾಗಬಹುದು. ಪ್ರವೇಶ ತರಬೇತಿ ಆಲಂಕಾರಿಕ ವಿಧಿಯಲ್ಲ, ಅನಿವಾರ್ಯ ಎನ್ನುವುದು ಈ ಕಾರಣಕ್ಕೆ.

ದಾಸ್ತಾನಿಗಿರುವ ಭಾಗ್ಯ

ವಾಸ್ತವದಲ್ಲಿ ನಡೆಯುವುದೇನು? ಹೊಸಬರ ಮೊದಲ ದಿನಗಳು ಆಡಳಿತ ಭವನದಲ್ಲೇ ಕಳೆಯುತ್ತವೆ. ಕರ್ತವ್ಯಕ್ಕೆ ಹಾಜರಾದ ವರದಿ, ಮೂಲ ದಾಖಲೆಗಳ ಪರಿಶೀಲನೆ, ವೈದ್ಯಕೀಯ ಪ್ರಮಾಣಪತ್ರ, ಸೇವಾ ಪುಸ್ತಕ, ಪಿಂಚಣಿ ಯೋಜನೆಯ ಸಂಖ್ಯೆ, ವೇತನದ ಖಾತೆ ಹೀಗೆ ಒಂದೊಂದಕ್ಕೂ ಒಂದೊಂದು ಮೇಜು. ಇದಾದ ಮೇಲೆ ವಿಭಾಗಕ್ಕೆ ಬಂದರೆ ಅಲ್ಲೊಂದು ಹೂಗುಚ್ಛ, ಒಂದು ಕಪ್ ಕಾಫಿ. ಜೊತೆಗೇ ವೇಳಾಪಟ್ಟಿ. ಅದರಲ್ಲಿ ಹೊಸಬರ ಪಾಲಿಗೆ ಉಳಿದಿರುವುದು ಬಹುತೇಕ ಹಿರಿಯರು ಒಲ್ಲೆನೆಂದ ಪತ್ರಿಕೆಗಳು ಎಂಬುದು ವಿಶ್ವವಿದ್ಯಾಲಯಗಳ ಒಳಗೆ ಎಲ್ಲರಿಗೂ ಗೊತ್ತಿರುವ ಗುಟ್ಟು.

ಇದನ್ನು ಹಿರಿಯರ ದುರುದ್ದೇಶವೆಂದು ಭಾವಿಸುವುದು ಅನ್ಯಾಯವಾದೀತು. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮಂಜೂರಾದ ಬೋಧಕ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿವೆ. ನಿಯಮದಂತೆ ಸಹಾಯಕ ಪ್ರಾಧ್ಯಾಪಕ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕ ಮತ್ತು ಪ್ರಾಧ್ಯಾಪಕ 14 ಗಂಟೆ ನೇರ ಬೋಧನೆ ಮಾಡಬೇಕು. ಖಾಲಿ ಹುದ್ದೆಗಳ ಕಾರ್ಯಭಾರವನ್ನೂ ಹೊತ್ತು ಬಸವಳಿದ ವಿಭಾಗಕ್ಕೆ ಒಬ್ಬ ಹೊಸಬ ಬಂದರೆ ಆತ ಕಲಿಯಲು ಬಂದವನಾಗಿ ಕಾಣುವುದಿಲ್ಲ, ಹೊರೆ ಇಳಿಸಲು ಬಂದವನಾಗಿ ಕಾಣುತ್ತಾನೆ. ಮೊದಲ ಸೆಮಿಸ್ಟರಿನಲ್ಲಿ ಅವನಿಗೆ ಅರ್ಧ ಕಾರ್ಯಭಾರವಷ್ಟೇ ಸಾಕು ಎನ್ನುವ ಔದಾರ್ಯ ತೋರಿದರೆ ಉಳಿದರ್ಧವನ್ನು ಹೊರುವವರು ಯಾರು ಎಂಬ ಪ್ರಶ್ನೆಗೆ ವಿಭಾಗದ ಮುಖ್ಯಸ್ಥರ ಬಳಿ ಉತ್ತರವಿಲ್ಲ.

ನೇಮಕಾತಿ ವಿಳಂಬದ ಮತ್ತೊಂದು ಪೆಟ್ಟು ಕಣ್ಣಿಗೆ ಕಾಣದಂಥದ್ದು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರೊಬ್ಬರು ವರ್ಗವಾದರೆ ಕಡತಗಳ ಪಟ್ಟಿ ಬರೆದು ಪ್ರಭಾರ ಹಸ್ತಾಂತರಿಸುತ್ತಾರೆ. ವಿಜ್ಞಾನ ವಿಭಾಗದ ಪ್ರಯೋಗಾಲಯದ ಗಾಜಿನ ಸಾಮಾನಿಗೂ ದಾಸ್ತಾನು ಪುಸ್ತಕವಿದೆ, ಅದೂ ಸಹಿಯೊಂದಿಗೆ ಕೈ ಬದಲಾಗುತ್ತದೆ. ಮೂವತ್ತು ವರ್ಷ ಒಂದೇ ವಿಷಯ ಬೋಧಿಸಿದ ಪ್ರಾಧ್ಯಾಪಕ ನಿವೃತ್ತರಾದಾಗ ಮಾತ್ರ ಹಸ್ತಾಂತರವೆಂಬುದಿಲ್ಲ. ಯಾವ ಪಾಠ ವಿದ್ಯಾರ್ಥಿಗಳಿಗೆ ಕಷ್ಟ, ಹಳ್ಳಿಯಿಂದ ಬಂದು ಕನ್ನಡ ಮಾಧ್ಯಮದಲ್ಲಿ ಓದಿದವರು ಎಲ್ಲಿ ಎಡವುತ್ತಾರೆ, ಗ್ರಂಥಾಲಯದಲ್ಲಿ ಏನಿದೆ ಏನಿಲ್ಲ ಎಂಬ ತಿಳಿವಳಿಕೆ ಅವರೊಂದಿಗೇ ಮನೆಗೆ ಹೋಗುತ್ತದೆ. ಆ ಹುದ್ದೆ ತುಂಬುವ ವೇಳೆಗೆ ಅವರನ್ನು ಕಂಡವರೂ ವಿಭಾಗದಲ್ಲಿ ಉಳಿದಿರುವುದು ಅಪರೂಪ.

ಬಡ್ತಿಗಾಗಿ ತರಬೇತಿ

ಹೊಸ ಅಧ್ಯಾಪಕರನ್ನು ಸಜ್ಜುಗೊಳಿಸುವ ಯತ್ನ ದೇಶಕ್ಕೆ ಹೊಸದಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ಆರಂಭಿಸಿತು. ಮೈಸೂರು ವಿಶ್ವವಿದ್ಯಾಲಯದಲ್ಲೂ ಇಂಥ ಕೇಂದ್ರ ಬಂತು. 2015ರಲ್ಲಿ ಇವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. 2023ರ ಸೆಪ್ಟೆಂಬರ್ 5ರಂದು ಮಾಳವೀಯ ಮಿಷನ್ ಉದ್ಘಾಟನೆಯಾದ ಮೇಲೆ ಮತ್ತೊಮ್ಮೆ ನಾಮಫಲಕ ಬದಲಾಯಿತು. ಹೆಸರು ಮೂರಾದರೂ ಅಧ್ಯಾಪಕರ ಬಾಯಲ್ಲಿ ಅದರ ಅರ್ಥ ಒಂದೇ: ಬಡ್ತಿಗೆ ಬೇಕಾದ ಪ್ರಮಾಣಪತ್ರ.

ಇದಕ್ಕೆ ಅಧ್ಯಾಪಕರನ್ನು ದೂರಿ ಫಲವಿಲ್ಲ. ಮುಂದಿನ ವೇತನ ಶ್ರೇಣಿಗೆ ಏರಲು 21 ದಿನಗಳ ಓರಿಯೆಂಟೇಷನ್ ತರಬೇತಿ ಆಗಿರಬೇಕೆಂದು 2018ರ ನಿಯಮಾವಳಿಯೇ ಷರತ್ತು ಹಾಕಿದೆ. ಪ್ರವೇಶ ತರಬೇತಿಯನ್ನೇ ಆ ಲೆಕ್ಕಕ್ಕೆ ಹಿಡಿಯಲೂ ಅವಕಾಶವಿದೆ. ಪಿಎಚ್.ಡಿ. ಇದ್ದವರಿಗೆ ಆ ಬಡ್ತಿ ಸಿಗುವುದು ನಾಲ್ಕು ವರ್ಷಗಳ ಸೇವೆಯ ನಂತರ. ಆದ್ದರಿಂದ ತರಬೇತಿಗೆ ಆತುರವೂ ಇಲ್ಲ. ಕೋವಿಡ್ ನಂತರ ತರಬೇತಿಗಳು ಆನ್‌ಲೈನ್‌ಗೆ ಬಂದದ್ದು ಮನೆ ಬಿಟ್ಟು ಹೋಗಲಾಗದ ಮಹಿಳಾ ಅಧ್ಯಾಪಕರಿಗೆ ಅನುಕೂಲವಾಯಿತು, ನಿಜ. ಆದರೆ ಒಂದು ಕಿವಿಯನ್ನು ಮೊಬೈಲಿಗೆ ಕೊಟ್ಟು ಇನ್ನೊಂದು ಕಡೆ ವಿಭಾಗದ ಕೆಲಸ ಮಾಡುವವರಿಗೆ, ಬೇರೆ ವಿಶ್ವವಿದ್ಯಾಲಯಗಳ ಗೆಳೆಯರು ದೊರೆಯುವ ಹಳೆಯ ಲಾಭವೂ ತಪ್ಪಿತು. ಎಲ್ಲಕ್ಕಿಂತ ಮುಖ್ಯವಾಗಿ, ದೂರದ ಕೇಂದ್ರವೊಂದು ಎಷ್ಟೇ ಚೆನ್ನಾಗಿ ಕಲಿಸಿದರೂ ವಿಭಾಗದ ಒಳಗಿನ ವಿಚಾರವನ್ನು ವಿಭಾಗವೇ ಹೇಳಿಕೊಡಬೇಕು. ಅಲ್ಲಿ ಯಾವ ಹಿರಿಯರು ಯಾವ ಹೊಸಬರ ಜೊತೆಗಿರಬೇಕು ಎಂದು ಲಿಖಿತವಾಗಿ ಹೊಣೆ ಹೊರಿಸಲು ಯುಜಿಸಿ ಬೇಕಿಲ್ಲ. ಕುಲಸಚಿವರ ಒಂದು ಸುತ್ತೋಲೆ ಸಾಕು. ನಿವೃತ್ತಿಯ ಮುನ್ನ ಪಾಠದ ಟಿಪ್ಪಣಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ವಿಭಾಗಕ್ಕೆ ಒಪ್ಪಿಸುವ ಪದ್ಧತಿಗೂ ಹಣ ಬೇಕಾಗಿಲ್ಲ.

ಈಗ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುವವರು ಅತಿಥಿ ಉಪನ್ಯಾಸಕರು. 2023ರಲ್ಲಿ ಆರಂಭವಾದ ಹೊಸ ವಿಶ್ವವಿದ್ಯಾಲಯಗಳಲ್ಲಂತೂ ಬೋಧನೆಯ ಬಹುಭಾಗ ಇವರ ಹೆಗಲ ಮೇಲಿದೆ. ಕಾಯಂ ಅಧ್ಯಾಪಕ ಬಂದ ದಿನ ಕೊಠಡಿಯ ಬೀಗದ ಕೈ ಯಾರಲ್ಲಿದೆ, ಆಂತರಿಕ ಅಂಕಗಳನ್ನು ದಾಖಲಿಸುವುದು ಹೇಗೆ, ಯಾವ ಗುಮಾಸ್ತರನ್ನು ಯಾವ ಹೊತ್ತಿನಲ್ಲಿ ಕಾಣಬೇಕು ಎಂದು ಹೇಳಿಕೊಡುವವರು ಹಲವೆಡೆ ಇವರೇ. ತರಬೇತಿ ಸಿಕ್ಕರೂ ಬಡ್ತಿಯೇ ಇಲ್ಲದ ಇವರಿಗೆ ಪ್ರಮಾಣಪತ್ರದಿಂದ ಆಗಬೇಕಾದದ್ದು ಏನೂ ಇಲ್ಲ. ಹೊಸ ಶೈಕ್ಷಣಿಕ ವರ್ಷ ಬಂದಾಗ ಹತ್ತು ವರ್ಷ ಪಾಠ ಮಾಡಿದ ಅತಿಥಿ ಉಪನ್ಯಾಸಕರೂ ಮತ್ತೆ ಅರ್ಜಿ ಸಲ್ಲಿಸಿ, ಮತ್ತೆ ಮೂಲ ದಾಖಲೆಗಳನ್ನು ತೋರಿಸಿ, ಮತ್ತೆ ಹಾಜರಾದ ವರದಿ ಬರೆದುಕೊಟ್ಟು ಅದೇ ವಿಭಾಗಕ್ಕೆ ಹೊಸಬರಾಗಿ ಸೇರುತ್ತಾರೆ.